ಒಂದೋ ಎರಡೋ ತಟ್ಟೆ ಬಿಟ್ಟು ಹೋದ ಬ್ಲೂಸ್ ಗಿಟಾರಿನವರು: ಕೇಳುವವರು ಯಾರಾದರೂ ಇದ್ದೀರಾ?

ಪಿನ್ನುಡಬ್ಬಿ

ಎರಡು ವಾರದಿಂದ ಒಂದೇ ಹಾಡು ತಲೆಯೊಳಗೆ ಕೂತುಬಿಟ್ಟಿದೆ. ಗೀಶಿ ವೈಲಿ ಅವರ ‘ಲಾಸ್ಟ್ ಕೈಂಡ್ ವರ್ಡ್ಸ್ ಬ್ಲೂಸ್’. 1930ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರಾಫ್ಟನ್ ಎಂಬ ಸಣ್ಣ ಊರಿನಲ್ಲಿ ರೆಕಾರ್ಡ್ ಆಗಿದ್ದು. ಕಂಪನಿ ಪ್ಯಾರಮೌಂಟ್. ವೈಲಿ ಜೊತೆಗೆ ಹೋಗಿದ್ದವರು ಎಲ್ವಿ ಥಾಮಸ್. ಇಬ್ಬರೂ ಸೇರಿ ಬಿಟ್ಟು ಹೋಗಿದ್ದು ಆರೇ ಆರು ಹಾಡು. ಮೂರು ಗ್ರಾಮಫೋನ್ ತಟ್ಟೆ, ಆ ಕಡೆ ಒಂದು ಈ ಕಡೆ ಒಂದು. ಅಷ್ಟೇ.

ಹಾಡು ಹಾಕಿದ ಕೂಡಲೇ ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸದ್ದು. ಅದರ ಹಿಂದಿನಿಂದ ಗಿಟಾರ್ ಮೆಟ್ಟಿಲು ಇಳಿಯುತ್ತಾ ಬರುತ್ತದೆ. ಇದು ನಗುವ ಮೇಜರ್ರೋ ಅಳುವ ಮೈನರ್ರೋ ಅಂತ ಯೋಚಿಸುವಷ್ಟರಲ್ಲಿ ದನಿ ಶುರುವಾಗಿರುತ್ತದೆ. ಅಳು ಇಲ್ಲ, ಗೋಳಾಟ ಇಲ್ಲ. ಜರ್ಮನ್ ಯುದ್ಧಕ್ಕೆ ಹೊರಟವನು ಕೊನೆಗೆ ಆಡಿದ ಮಾತನ್ನು ಪಕ್ಕದ ಮನೆಯವರಿಗೆ ತಿಳಿಸುವ ಹಾಗೆ ಹೇಳುತ್ತಾ ಹೋಗುತ್ತಾರೆ. ಸತ್ತರೆ ಹೂಳಬೇಡ, ರಣಹದ್ದು ತಿನ್ನಲಿ ಅನ್ನುವುದನ್ನೂ ಅದೇ ದನಿಯಲ್ಲೇ ಹೇಳುತ್ತಾರೆ. ನನಗೆ ಮೈ ಜುಮ್ಮೆಂದಿದ್ದು ಅಲ್ಲಿ.

ಬ್ಲೂಸ್ ಅಮೆರಿಕದ ಕಪ್ಪು ಜನ ಕಟ್ಟಿದ ಹಾಡು. ನಮ್ಮ ಕಡೆ ಬ್ಲೂಸ್ ಅಂದರೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು, ಶನಿವಾರ ರಾತ್ರಿ ಪಬ್ಬು. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನದು. ಒಬ್ಬ ಮನುಷ್ಯ, ಒಂದು ಮರದ ಗಿಟಾರ್, ಮೂರು ನಿಮಿಷ. ರಾಬರ್ಟ್ ಜಾನ್ಸನ್ ಹೆಸರು ಎಲ್ಲರಿಗೂ ಗೊತ್ತು, ಅವರನ್ನು ಪಕ್ಕಕ್ಕಿಡೋಣ. ಒಂದೋ ಎರಡೋ ತಟ್ಟೆ ಬಿಟ್ಟು ಹೋದವರಲ್ಲಿ ನಿಮಗೆ ಯಾರು ಇಷ್ಟ ಹೇಳಿ.

ಒಂದೇ ಷರತ್ತು. ರಾಬರ್ಟ್ ಜಾನ್ಸನ್ ದೆವ್ವಕ್ಕೆ ಆತ್ಮ ಮಾರಿದ, ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ನಿಂತಿದ್ದ, ಆ ಕಥೆಗಳೆಲ್ಲ ಬೇಡ. ಗಿಟಾರ್ ಬಗ್ಗೆ ಬರೆಯಿರಿ.

ಬಸವನಗುಡಿ ಬೆರಳು

ಷರತ್ತು ಒಪ್ಪಿದೆ. ನನ್ನ ಓಟು ಗಾರ್‌ಫೀಲ್ಡ್ ಏಕರ್ಸ್‌ಗೆ. ನಾಲ್ಕೇ ಹಾಡು. ಅದರಲ್ಲಿ ಎರಡು ಒಂದೇ ಹಾಡಿನ ಎರಡು ಭಾಗ: ‘ಕಾಟನ್‌ಫೀಲ್ಡ್ ಬ್ಲೂಸ್’. 1929, ಮೆಂಫಿಸ್, ವೊಕ್ಯಾಲಿಯನ್ ಕಂಪನಿ. ಜೊತೆಗೆ ಎರಡನೇ ಗಿಟಾರ್ ಜೋ ಕ್ಯಾಲಿಕಾಟ್.

ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬದಲಾಗುವುದೇ ಅಪರೂಪ. ಒಂದೇ ಕಡೆ ನಿಂತು ಬಲಗೈ ಉರಿಯುವ ಹಾಗೆ ಬಾರಿಸುತ್ತಾರೆ. ಆದರೆ ದನಿ ಮಾತ್ರ ಉದ್ದಕ್ಕೆ, ಆತುರವೇ ಇಲ್ಲದೆ, ಒಂದು ಸ್ವರ ಹಿಡಿದು ಎಳೆಯುತ್ತದೆ. ಚಾರ್ಮಾಡಿ ದಾಟಿ ಬಯಲಿಗೆ ಬಂದ ಮೇಲೆ ಬಸ್ಸಿನಲ್ಲಿ ಕೂತು ಹೊರಗೆ ನೋಡಿದ ಹಾಗೆ. ಹತ್ತಿರದ ಲೈಟು ಕಂಬ ಸರ್ರಂತ ಹೋಗುತ್ತವೆ, ದೂರದ ಬೆಟ್ಟ ಕದಲುವುದೇ ಇಲ್ಲ. ಎರಡೂ ಒಂದೇ ಕಿಟಕಿಯಲ್ಲಿ.

ನಾನು ಹದಿನೈದು ವರ್ಷದಿಂದ ಗಿಟಾರ್ ಹಿಡಿದಿದ್ದೇನೆ. ಬಲಗೈ ಅಷ್ಟು ಓಡುವಾಗ ದನಿಯನ್ನು ಅಷ್ಟು ನಿಧಾನ ಇಡುವುದು ನನ್ನಿಂದ ಇನ್ನೂ ಆಗಿಲ್ಲ. ಎರಡೇ ಸಾಲಿಗೆ ದನಿಯೂ ಕೈ ಹಿಂದೆ ಓಡಲು ಶುರುಮಾಡುತ್ತದೆ.

ಧಾರವಾಡ ಷಡ್ಜ

ನಾನು ಕೇಳುವುದು ಹಿಂದೂಸ್ತಾನಿ. ಬ್ಲೂಸ್ ಅಷ್ಟಾಗಿ ಗೊತ್ತಿಲ್ಲ. ಆದರೆ ಒಂದು ತಟ್ಟೆ ನನ್ನನ್ನೂ ಹಿಡಿದಿದೆ. ಬ್ಲೈಂಡ್ ವಿಲಿ ಜಾನ್ಸನ್, ‘ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್’. 1927ರ ಡಿಸೆಂಬರ್, ಡಲ್ಲಾಸ್, ಕೊಲಂಬಿಯಾ ಕಂಪನಿ.

ಹಾಡಿಗೆ ಮಾತೇ ಇಲ್ಲ. ಬರೀ ಗುಂಯ್ಗುಡುವುದು. ತಂತಿ ಮೇಲೆ ಏನನ್ನೋ ಜಾರಿಸುತ್ತಾರೆ. ಚಾಕು ಅನ್ನುವವರಿದ್ದಾರೆ, ಬಾಟಲಿಯ ಕುತ್ತಿಗೆ ಅನ್ನುವವರಿದ್ದಾರೆ. ನಮಗೆ ಮುಖ್ಯ ಆ ಮೀಂಡ್, ಸ್ವರದಿಂದ ಸ್ವರಕ್ಕೆ ಜಾರುವುದು. ದನಿ ಎಲ್ಲಿ ನಿಲ್ಲಿಸಿತೋ ಅಲ್ಲಿಂದ ತಂತಿ ಎತ್ತಿಕೊಳ್ಳುತ್ತದೆ. ಕೆಲವು ಕಡೆ ದನಿಯೋ ತಂತಿಯೋ ಗೊತ್ತಾಗದೆ ನಾನೇ ಮೋಸ ಹೋಗಿದ್ದೇನೆ. ಖಯಾಲ್ ಹಾಡುವವರ ಹಿಂದೆ ಸಾರಂಗಿ ಬರುತ್ತದಲ್ಲ, ಹಾಗೆ. ಇಲ್ಲಿ ಎರಡೂ ಒಬ್ಬರದೇ.

ಇನ್ನೊಂದು ಹೇಳದೆ ಇರಲಾರೆ, ಕ್ಷಮಿಸಿ, ಇದು ಕಥೆಯೇ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಒಂದು ಚಿನ್ನದ ಲೇಪದ ತಟ್ಟೆ ಕಳಿಸಿದರು. ಅದರಲ್ಲಿ ಈ ಹಾಡಿದೆ. ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಗಳ ಶುಭಾಶಯಗಳ ನಡುವೆ ನಮ್ಮ ಕನ್ನಡದ ನಮಸ್ತೆಯೂ ಇದೆ. ಬೀದಿಯಲ್ಲಿ ಹಾಡುತ್ತಿದ್ದ ಟೆಕ್ಸಾಸ್‌ನ ಕುರುಡ ಗಾಯಕನೂ ಕನ್ನಡವೂ ಒಂದೇ ತಟ್ಟೆಯಲ್ಲಿ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದ್ದಾರೆ.

ಪಿನ್ನುಡಬ್ಬಿ

@ಧಾರವಾಡ ಷಡ್ಜ, ಈ ಕಥೆಗೆ ಮಾಫಿ ಇದೆ. 🙂 ಒಂದು ಸಣ್ಣ ತಿದ್ದುಪಡಿ. ವಿಲಿ ಜಾನ್ಸನ್ ಹಾಡಿದ್ದೆಲ್ಲ ದೇವರ ಹಾಡು. ಬ್ಲೂಸ್ ಅಂತ ಕರೆದಿದ್ದರೆ ಅವರೇ ಸಿಟ್ಟಾಗುತ್ತಿದ್ದರೇನೋ. ಬೆರಳಿನ ಕೆಲಸ ಮಾತ್ರ ಒಂದೇ ಮನೆತನದ್ದು.

ಅಡ್ಡಮಾತು

ಎಲ್ಲರೂ ತಲೆಯಾಡಿಸುತ್ತಿದ್ದೀರಿ, ನಾನೊಬ್ಬ ಅಡ್ಡ ಮಾತಾಡುತ್ತೇನೆ.

1920ರ ದಶಕದಲ್ಲಿ ಕಪ್ಪು ಜನ ದುಡ್ಡು ಕೊಟ್ಟು ಕೊಂಡಿದ್ದು ಯಾರ ತಟ್ಟೆ? 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಬಿಸಿ ಬಿಸಿಯಾಗಿ ಖರ್ಚಾಯಿತು. ಆಮೇಲೆ ಬೆಸ್ಸಿ ಸ್ಮಿತ್. 1928ರಲ್ಲಿ ಪಿಯಾನೋ ನುಡಿಸುತ್ತಾ ಲೆರಾಯ್ ಕಾರ್ ಹಾಡಿದ ‘ಹೌ ಲಾಂಗ್, ಹೌ ಲಾಂಗ್ ಬ್ಲೂಸ್’. ಊರೆಲ್ಲ ಕೇಳಿದ್ದು ಇವರನ್ನು. ನೀವು ಹೇಳುವ ಏಕರ್ಸ್, ವೈಲಿ ಎಲ್ಲ ಅಂಗಡಿಯಲ್ಲಿ ಉಳಿದ ಮಾಲು.

ಆಮೇಲೆ ಬಂದರು ಸಂಗ್ರಾಹಕರು. ಹೆಚ್ಚಿನವರು ಬಿಳಿಯ ಗಂಡಸರು. ಜೇಮ್ಸ್ ಮೆಕ್ಯೂನ್ ಅನ್ನುವವರು ಬ್ರೂಕ್ಲಿನ್‌ನ ವೈಎಂಸಿಎ ಹಾಸ್ಟೆಲ್ ರೂಮಿನಲ್ಲಿ ಒಬ್ಬರೇ ಇದ್ದುಕೊಂಡು ಮಂಚದ ಕೆಳಗೆ ತಟ್ಟೆ ಇಟ್ಟುಕೊಂಡಿದ್ದರು. 1944ರಲ್ಲಿ 3 ಡಾಲರ್ ಕೊಟ್ಟು ಮಿಸಿಸಿಪಿಯ ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ ತಟ್ಟೆ ಕೊಂಡರು. ಯಾವುದು ಒರಟೋ, ಯಾವುದು ಅಪರೂಪವೋ ಅದೇ ಅಸಲಿ ಅಂತ ಅವರೂ ಅವರ ಗೆಳೆಯರೂ ತೀರ್ಮಾನ ಮಾಡಿದರು. ನಾವು ಈಗ ಕೇಳುತ್ತಿರುವುದು ಅವರ ರುಚಿಯನ್ನು. 2013ರಲ್ಲಿ ಟಾಮಿ ಜಾನ್ಸನ್ ಅವರ ಒಂದು ತಟ್ಟೆ 37 ಸಾವಿರ ಡಾಲರ್ ಮೀರಿ ಹರಾಜಾಯಿತು. ಹೊಸದರಲ್ಲಿ ಅದರ ಬೆಲೆ 75 ಸೆಂಟ್. ಟಾಮಿ ಜಾನ್ಸನ್ ಮನೆಯವರಿಗೆ ಇದರಲ್ಲಿ ಏನು ಬಂತು?

ಪಿನ್ನುಡಬ್ಬಿ

ಬೆಲೆ ವಿಷಯ ಒಪ್ಪಿದೆ. ಹರಾಜಿನ ಸುದ್ದಿ ಕೇಳಿದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಗಿಟಾರಿನವರೆಲ್ಲ ಅಂಗಡಿಯಲ್ಲಿ ಉಳಿದ ಮಾಲು ಅನ್ನುವುದು ಸರಿಯಲ್ಲ. 1926ರಲ್ಲಿ ಪ್ಯಾರಮೌಂಟ್‌ಗೆ ಬ್ಲೈಂಡ್ ಲೆಮನ್ ಜೆಫರ್ಸನ್ ಸಿಕ್ಕಿದ ಮೇಲೆಯೇ ತಾನೇ ಕಂಪನಿಗಳು ಗಿಟಾರ್ ಹಿಡಿದವರನ್ನು ಹುಡುಕಿಕೊಂಡು ತೆಂಕಣ ರಾಜ್ಯಗಳಿಗೆ ಓಡಿದ್ದು? ಬ್ಲೈಂಡ್ ಬ್ಲೇಕ್ ಸುಮಾರು 80 ಹಾಡು ಕೊಟ್ಟರು. ತಟ್ಟೆ ಹೋಗದಿದ್ದರೆ ಅಷ್ಟು ಸಲ ಯಾರು ಕರೆಯುತ್ತಾರೆ? ವೈಲಿ ತಟ್ಟೆ ಬಂದಿದ್ದು 1929ರ ಷೇರು ಪೇಟೆ ಕುಸಿತದ ಮರುವರ್ಷ. ಹತ್ತಿ ಬಿಡಿಸುವವರ ಕೈಯಲ್ಲಿ 75 ಸೆಂಟ್ ಎಲ್ಲಿತ್ತು?

ಬಸವನಗುಡಿ ಬೆರಳು

ಲೆರಾಯ್ ಕಾರ್ ಹೆಸರು ಬಂತಲ್ಲ, ಪಕ್ಕದಲ್ಲಿ ಗಿಟಾರ್ ನುಡಿಸಿದ ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್ ಅವರನ್ನು ಮರೆಯಬೇಡಿ. ಪಿಯಾನೋ ಬಿಟ್ಟ ಜಾಗದಲ್ಲಿ ಚುರುಕಾಗಿ ಒಂದೊಂದೇ ತಂತಿ ಮೀಟಿ ಹೋಗುತ್ತಾರೆ. @ಅಡ್ಡಮಾತು ಅವರೇ, ನಿಮ್ಮ ಜನಪ್ರಿಯ ತಟ್ಟೆಯಲ್ಲೂ ನಮ್ಮವರು ಒಬ್ಬರು ಕೂತಿದ್ದಾರೆ. 😄

ಮಿಲ್ವಾಕಿ ಮಾಣಿ

ಮಾರಾಯ್ರೇ, ಗ್ರಾಫ್ಟನ್ ನನ್ನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಇಲ್ಲಿಗೆ ಬಂದು ಆರು ವರ್ಷ ಆದ ಮೇಲೆ ಇದು ಗೊತ್ತಾಯಿತು ನೋಡಿ.

ಪ್ಯಾರಮೌಂಟ್ ಹುಟ್ಟಿದ್ದು ಕುರ್ಚಿ ಕಾರ್ಖಾನೆಯಿಂದ. ವಿಸ್ಕಾನ್ಸಿನ್ ಚೇರ್ ಕಂಪನಿ, ಪೋರ್ಟ್ ವಾಷಿಂಗ್ಟನ್‌ನಲ್ಲಿ. ಕುರ್ಚಿ ಮಾಡುತ್ತಿದ್ದವರು ಗ್ರಾಮಫೋನಿಗೆ ಮರದ ಪೆಟ್ಟಿಗೆ ಮಾಡಲು ಹೊರಟರು. ಪೆಟ್ಟಿಗೆ ಮಾರಬೇಕಾದರೆ ತಟ್ಟೆ ಬೇಕಲ್ಲ, ಅದನ್ನೂ ಶುರುಮಾಡಿದರು. ಸಂಗೀತದ ಮೇಲೆ ಪ್ರೀತಿ ಗೀತಿ ಏನೂ ಇಲ್ಲ. ತಟ್ಟೆ ಒತ್ತುತ್ತಿದ್ದುದು ಗ್ರಾಫ್ಟನ್‌ನಲ್ಲಿ, ಮಿಲ್ವಾಕಿ ಹೊಳೆಯ ದಂಡೆಯಲ್ಲಿ. 1929ರಲ್ಲಿ ಸ್ಟುಡಿಯೋವನ್ನೂ ಅಲ್ಲಿಗೇ ತಂದರು. 1932ರಲ್ಲಿ ರೆಕಾರ್ಡಿಂಗ್ ನಿಂತೇ ಹೋಯಿತು. ಅಚ್ಚಿನ ಲೋಹವೆಲ್ಲ ಗುಜರಿಗೆ. ಹಾಗಾಗಿ ವಿಕ್ಟರ್ ಕಂಪನಿಯ ಹಾಡುಗಳನ್ನು ಮೂಲ ಅಚ್ಚಿನಿಂದ ತೆಗೆಯಬಹುದು, ಪ್ಯಾರಮೌಂಟ್ ಹಾಡು ಬೇಕಾದರೆ ಯಾರದ್ದೋ ಮನೆಯಲ್ಲಿ ಸವೆದು ಉಳಿದ ತಟ್ಟೆಯೇ ಗತಿ.

ಊರಿನವರು ಹೇಳುವ ಒಂದು ಕಥೆ ಉಂಟು. ಕಾರ್ಖಾನೆ ಮುಚ್ಚುವಾಗ ಕೆಲಸದವರು ಸಿಟ್ಟಿನಲ್ಲಿ ತಟ್ಟೆಗಳನ್ನು ಹೊಳೆಗೆ ಬೀಸಿ ಎಸೆದರಂತೆ. ಮುಳುಗಿ ಹುಡುಕಿದವರೂ ಇದ್ದಾರೆ. ಏನೂ ಸಿಕ್ಕಲಿಲ್ಲ.

ನಾನು ಹೋದದ್ದು ಫೆಬ್ರವರಿಯಲ್ಲಿ. ಹೊಳೆ ಅರ್ಧ ಹೆಪ್ಪುಗಟ್ಟಿತ್ತು. ಕಾರಿಂದ ಇಳಿದು ಐದು ನಿಮಿಷಕ್ಕೆ ನನ್ನ ಕೈಬೆರಳು ಮಡಚಲಿಕ್ಕೇ ಬರಲಿಲ್ಲ. ಸ್ಕಿಪ್ ಜೇಮ್ಸ್ ಮಿಸಿಸಿಪಿಯಿಂದ ಇಲ್ಲಿಗೆ ಬಂದು ಹಾಡಿದ್ದೂ ಫೆಬ್ರವರಿಯಲ್ಲೇ, 1931ರಲ್ಲಿ. ಆ ಚಳಿಯಲ್ಲಿ ಅಷ್ಟು ನುಣುಪಾಗಿ ಬೆರಳು ಓಡಿಸಿದ್ದು ಹೇಗೆ ಅಂತ ಅಲ್ಲೇ ನಿಂತು ಯೋಚಿಸಿದೆ.

ಹಾಸನದ ಮೇಷ್ಟ್ರು

ತಡವಾಗಿ ಬಂದೆ. ನನಗೆ ಗಿಟಾರ್ ಗೊತ್ತಿಲ್ಲ, ತಟ್ಟೆ ಗೊತ್ತು. ನಮ್ಮ ಮನೆಯಲ್ಲಿ ಕೀ ಕೊಡುವ ಪೆಟ್ಟಿಗೆ ಇತ್ತು. ತಟ್ಟೆಯ ಒಂದು ಮಗ್ಗುಲಿಗೆ ಒಂದು ಪಿನ್ನು. ಅದೇ ಪಿನ್ನಲ್ಲಿ ಎರಡನೇ ಮಗ್ಗುಲು ಹಾಕಿದರೆ ಅಜ್ಜನಿಂದ ಬೈಗುಳ.

ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಆ ತಟ್ಟೆ ಯಾವುದರಿಂದ ಆಗಿತ್ತು ಗೊತ್ತೇ? ಅರಗು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆಯದೂ ಅದೇ ಅರಗು. ಮರದ ಕೊಂಬೆಗೆ ಕಚ್ಚಿಕೊಂಡ ಸಣ್ಣ ಹುಳ ಬಿಡುವ ಅಂಟು. ಆ ಕಾಲಕ್ಕೆ ಜಗತ್ತಿಗೆ ಬಹುಪಾಲು ಅರಗು ಹೋಗುತ್ತಿದ್ದುದು ನಮ್ಮ ದೇಶದಿಂದ, ಛೋಟಾನಾಗಪುರದ ಕಾಡಿನ ಕಡೆಯಿಂದ. ಅಂದರೆ ಮಿಸಿಸಿಪಿಯ ಹಾಡು ಇಳಿದು ಕೂತಿದ್ದು ನಮ್ಮ ಕಾಡಿನ ಅಂಟಿನ ಮೇಲೆ.

ಬರೀ ಅರಗಲ್ಲ. ಅದಕ್ಕೆ ಕಲ್ಲಿನ ಪುಡಿ, ಕಪ್ಪು ಮಸಿ ಎಲ್ಲ ಕಲಸುತ್ತಿದ್ದರು. ಪುಡಿ ಅಗ್ಗದ್ದಾದಷ್ಟೂ ಗರಗರ ಜಾಸ್ತಿ. ಪ್ಯಾರಮೌಂಟ್‌ನವರ ಕಲಸು ಕಡೆಯದು ಅಂತ ತಟ್ಟೆ ಬಲ್ಲವರು ಹೇಳುತ್ತಾರೆ. ಹಾಗಾಗಿ ಆ ಸಾಸಿವೆ ಸದ್ದು ಬರೀ ಮುದಿತನದ್ದಲ್ಲ, ಹೊಸದರಲ್ಲೇ ಸ್ವಲ್ಪ ಇತ್ತು.

1942ರಲ್ಲಿ ಯುದ್ಧದ ದೆಸೆಯಿಂದ ಅಮೆರಿಕದಲ್ಲಿ ಅರಗಿಗೆ ಕಡಿವಾಣ ಬಿತ್ತು. ಹಳೇ ತಟ್ಟೆ ಕೊಡಿ, ಪುಡಿ ಮಾಡಿ ಹೊಸದು ಒತ್ತುತ್ತೇವೆ ಅಂತ ಮನೆಮನೆಯಿಂದ ಕೂಡಿಹಾಕಿದರು. ಕೆಲವು ತಟ್ಟೆಗೆ ಒಂದೇ ಪ್ರತಿ, ಎರಡೇ ಪ್ರತಿ ಉಳಿದಿದೆ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಇದೂ ಸೇರಿಸಿಕೊಳ್ಳಿ.

ಅಂದ ಹಾಗೆ 1930 ಅಂದಾಗ ನೆನಪಾಯಿತು. ನಮ್ಮ ದೇಶದಲ್ಲಿ ಮೊಟ್ಟಮೊದಲು ತಟ್ಟೆಗೆ ಹಾಡಿದವರಲ್ಲಿ ಒಬ್ಬರಾದ ಗೌಹರ್ ಜಾನ್ ಮೈಸೂರಿನಲ್ಲಿ ತೀರಿಕೊಂಡಿದ್ದು ಆ ವರ್ಷದ ಜನವರಿಯಲ್ಲಿ. ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ.

ತುಂಗಾತೀರದವಳು

ನಮಸ್ಕಾರ ಎಲ್ಲರಿಗೂ. ನಾನು ಪೂರ್ತಿ ಹೊಸಬಳು. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಮೂರು ಹಾಡು ಹಾಕಿದೆ. ನಿಜ ಹೇಳಲಾ? ಗಿಟಾರೇ ಕೇಳಿಸಲಿಲ್ಲ. ಮಳೆ ಬರುವಾಗ ತಗಡಿನ ಸೂರಿನ ಕೆಳಗೆ ನಿಂತು ಆಚೆ ಮನೆಯ ರೇಡಿಯೋ ಕೇಳಿದ ಹಾಗಾಯಿತು. ಸಂಗೀತ ಕಲಿತವಳಲ್ಲ. ಎಲ್ಲಿಂದ ಶುರುಮಾಡಲಿ?

ಬಸವನಗುಡಿ ಬೆರಳು

ಮೇಡಂ, ನೀವು ಘಾಟಿ ಹತ್ತಿ ನಡೆಯಲು ಕಲಿಯುತ್ತಿದ್ದೀರಿ! ಪ್ಯಾರಮೌಂಟ್ ಈಗಲೇ ಬೇಡ. ಮಿಸಿಸಿಪಿ ಜಾನ್ ಹರ್ಟ್ ಅವರ 1928ರ ಹಾಡುಗಳನ್ನು ಹಾಕಿ. ಓಕೆ ಎಂಬ ಕಂಪನಿಯದು. ಸದ್ದು ಎಷ್ಟೋ ತಿಳಿಯಾಗಿದೆ. ‘ಲೂಯಿಸ್ ಕಾಲಿನ್ಸ್’ ಆಗಬಹುದು, ‘ಅವಲಾನ್ ಬ್ಲೂಸ್’ ಆಗಬಹುದು.

ಒಂದೇ ಹಾಡನ್ನು ಮೂರು ಸಲ ಕೇಳಿ. ಮೊದಲ ಸಲ ಹೆಬ್ಬೆರಳು ಮಾತ್ರ. ದಪ್ಪ ತಂತಿಗಳ ಮೇಲೆ ಟುಮ್ ಟುಮ್ ಟುಮ್ ಟುಮ್ ಅಂತ ನಡೆಯುತ್ತಿರುತ್ತದೆ. ಒಂದು ತಂತಿ, ಇನ್ನೊಂದು ತಂತಿ, ಮತ್ತೆ ಅದು, ಮತ್ತೆ ಇದು. ಹೊಲಿಗೆ ಮೆಷಿನ್ ಪೆಡಲ್ ಇದ್ದ ಹಾಗೆ. ಎರಡನೇ ಸಲ ತೆಳು ತಂತಿಗಳ ಮೇಲಿನ ರಾಗ ಮಾತ್ರ ಕೇಳಿ. ಮೂರನೇ ಸಲ ಮಾತು. ಇಯರ್‌ಫೋನ್ ಹಾಕಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಹೆಬ್ಬೆರಳೇ ಸತ್ತುಹೋಗುತ್ತದೆ.

ಇನ್ನೊಂದು. ಗರಗರ ಪೂರ್ತಿ ಒರೆಸಿಹಾಕಿದ ಪ್ರತಿಗಳು ಸಿಗುತ್ತವೆ. ಹಾಕಬೇಡಿ. ಸದ್ದಿನ ಜೊತೆ ಉಗುರು ತಂತಿಗೆ ತಾಗುವ ಸದ್ದನ್ನೂ ತೊಳೆದುಬಿಟ್ಟಿರುತ್ತಾರೆ. ಆಮೇಲೆ ಕೇಳುವುದು ನೀರಿನೊಳಗೆ ಕೂತು ನುಡಿಸಿದ ಗಿಟಾರ್.

ಹರ್ಟ್ ಹಿಡಿಸಿದರೆ ವಿಲಿಯಂ ಮೂರ್ ಕೇಳಿ. ವರ್ಜೀನಿಯಾದ ಟ್ಯಾಪಹ್ಯಾನಕ್ ಊರಿನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದವರು. 1928ರಲ್ಲಿ ಶಿಕಾಗೋಗೆ ಹೋಗಿ ಕೆಲವೇ ಹಾಡು ಕೊಟ್ಟರು. ‘ಬಾರ್ಬರ್‌ಶಾಪ್ ರ‍್ಯಾಗ್’ ಅಂತಲೇ ಒಂದಿದೆ. ಕತ್ತರಿ ಆಡಿಸಿದಷ್ಟೇ ಹಗುರ ಕೈ. ಪ್ಯಾರಮೌಂಟ್ ತಟ್ಟೆಯೇ, ಆದರೂ ಸಹಿಸಿಕೊಳ್ಳುತ್ತೀರಿ.

ಅಡ್ಡಮಾತು

ಹರ್ಟ್ ಅವರದು ಮುದ್ದಾದ ಸಂಗತಿ. ‘ಅವಲಾನ್ ಬ್ಲೂಸ್’ನಲ್ಲಿ ಅವಲಾನ್ ನನ್ನೂರು ಅಂತ ಹಾಡಿದ್ದರು. 35 ವರ್ಷ ಯಾರೂ ಹುಡುಕಲಿಲ್ಲ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನುವವರು ಹಳೇ ಭೂಪಟದಲ್ಲಿ ಅವಲಾನ್ ಹುಡುಕಿ, ಕಾರು ಹತ್ತಿ ಹೋಗಿ ವಿಚಾರಿಸಿದರೆ ಮನುಷ್ಯ ಅಲ್ಲೇ ಇದ್ದಾರೆ! ವಿಳಾಸ ಹಾಡಿನಲ್ಲೇ ಇತ್ತು.

ಮಿಲ್ವಾಕಿ ಮಾಣಿ

ಅದೇ ವರ್ಷ ಬೂಕಾ ವೈಟ್ ಅವರಿಗೆ ಕಾಗದ ಬರೆದದ್ದೂ ಹಾಗೆಯೇ ಅಲ್ವಾ? ಹಾಡಿನಲ್ಲಿ ಅಬರ್ಡೀನ್ ಊರಿನ ಹೆಸರು ಬಂದಿತ್ತು. ಹಳೇ ಬ್ಲೂಸ್‌ನವರನ್ನು ಹುಡುಕುತ್ತಿದ್ದ ಜಾನ್ ಫೇಹಿ ಮತ್ತೆ ಎಡ್ ಡೆನ್ಸನ್ ಸೇರಿ ‘ಬೂಕಾ ವೈಟ್, ಹಳೇ ಬ್ಲೂಸ್ ಹಾಡುಗಾರ, ಅಬರ್ಡೀನ್ ಅಂಚೆ ಕಚೇರಿ’ ಅಂತ ಬರೆದು ಹಾಕಿದರು. ಅವರು ಅಲ್ಲಿರಲಿಲ್ಲ, ಮೆಂಫಿಸ್‌ನಲ್ಲಿದ್ದರು. ಆದರೂ ಕಾಗದ ಮುಟ್ಟಿತು. ನಮ್ಮ ಊರಿನ ಪೋಸ್ಟಣ್ಣನ ಹಾಗೆ ಒಬ್ಬರು ಅಲ್ಲೂ ಇದ್ದಿರಬೇಕು.

ಪಿನ್ನುಡಬ್ಬಿ

ಷರತ್ತು ಮುರಿದಿದ್ದೀರಿ ಎಲ್ಲರೂ. ಸರಿ, ನಾನೂ ಮುರಿಯುತ್ತೇನೆ.

ವೈಲಿ ಹಾಡಿನಲ್ಲಿ ಒಂದು ಸಾಲಿದೆ. ಶ್ರೀಮಂತನ ಹೊಲದಾಚೆ ನೋಡುತ್ತಿರು, ನಾನು ಬರುತ್ತೇನೆ, ಗೋಧಿ ಹಿಟ್ಟು ತರಲಾಗದಿದ್ದರೆ ಇನ್ನೇನನ್ನೋ ತರುತ್ತೇನೆ ಅಂತ. ಆ ‘ಇನ್ನೇನೋ’ ಏನು? ಆ ಒಂದು ಪದ ಗರಗರದಲ್ಲಿ ಮುಚ್ಚಿಹೋಗಿದೆ. ಒಂದು ಪತ್ರಿಕೆಯಲ್ಲಿ ಸಂಗತಿ ಪರಿಶೀಲಿಸುವ ಕೆಲಸದಲ್ಲಿದ್ದ ಜಾನ್ ಜೆರೆಮಾಯ ಸಲಿವನ್ ಇದೇ ಪದಕ್ಕಾಗಿ ಜಾನ್ ಫೇಹಿಗೆ ಫೋನ್ ಮಾಡಿ ಪೀಡಿಸಿದರು. ಅದೇ ಫೇಹಿ, ಈಗ ಮಾಣಿ ಹೇಳಿದವರು. ಕೊನೆಗೆ ಫೇಹಿಗೆ ಹೊಳೆದಿದ್ದು ‘ಬೋಲ್ಟೆಡ್ ಮೀಲ್’. ಅಂದರೆ ಜರಡಿ ಹಿಡಿದ ಮೆಕ್ಕೆಜೋಳದ ಹಿಟ್ಟು.

ಧಾರವಾಡ ಷಡ್ಜ

ಇದು ಬರೀ ಪದದ ಪ್ರಶ್ನೆ ಅಲ್ಲ ನೋಡಿರಿ. ನಮ್ಮ ಕಡೆ ರೊಟ್ಟಿ ತಿಂದು ಬೆಳೆದವರಿಗೆ ಆ ಸಾಲು ತಟ್ಟನೆ ತಿಳಿಯುತ್ತದೆ. ಗೋಧಿ ಹಬ್ಬಕ್ಕೆ, ಜೋಳ ದಿನಕ್ಕೆ. ಗೋಧಿ ಸಿಗದಿದ್ದರೂ ಜೋಳವನ್ನು ಹಾಗೇ ತರುವುದಿಲ್ಲ, ಜರಡಿ ಹಿಡಿದು ತರುತ್ತೇನೆ ಅನ್ನುತ್ತಿದ್ದಾಳೆ. ಬಡತನದಲ್ಲೂ ಮರ್ಯಾದೆ ಬಿಡದ ಮಾತು. ಪದ ಗೊತ್ತಿಲ್ಲದೆ ಕೇಳಿದಾಗ ನನಗೆ ಆ ಸಾಲು ಸುಮ್ಮನೆ ದಾಟಿಹೋಗಿತ್ತು.

ಬಸವನಗುಡಿ ಬೆರಳು

ಗಿಟಾರಿಗೆ ವಾಪಸ್ ಬರೋಣ. ಸ್ಕಿಪ್ ಜೇಮ್ಸ್ ಹೆಸರು ಬಂತು. ಅವರ ಶ್ರುತಿ ಬೇರೆ. ಬೆಂಟೋನಿಯಾ ಅವರ ಊರು, ಅಲ್ಲಿನವರು ನುಡಿಸುತ್ತಿದ್ದ ರೀತಿ ಅದು. ಗಿಟಾರನ್ನು ಸುಮ್ಮನೆ ಮೀಟಿದರೆ ಮೈನರ್ ಬರಬೇಕು, ಹಾಗೆ ತಂತಿ ಕಟ್ಟುತ್ತಾರೆ. ಇ ಮೈನರ್ ಅಥವಾ ಡಿ ಮೈನರ್.

ನಾನು ಹುಂಬತನದಲ್ಲಿ ಮೊದಲು ಇ ಮೈನರಿಗೆ ಏರಿಸಲು ಹೋದೆ. ನಾಲ್ಕನೇ ತಂತಿ ಟಪ್ ಅಂತ ಮುಖದ ಹತ್ತಿರವೇ ಹರಿಯಿತು. ಆಮೇಲೆ ಬುದ್ಧಿ ಬಂತು. ಡಿ ಮೈನರಿಗೆ ಇಳಿಸಿದೆ: ಡಿ, ಎ, ಡಿ, ಎಫ್, ಎ, ಡಿ. ಐದನೆಯದೂ ನಾಲ್ಕನೆಯದೂ ಇದ್ದ ಹಾಗೇ ಇರಲಿ, ಉಳಿದ ನಾಲ್ಕನ್ನು ಇಳಿಸಬೇಕು.

ತಮಾಷೆ ಇರುವುದು ಇಲ್ಲಿ. ಗಿಟಾರ್ ಮೈನರ್, ದನಿ ಮಾತ್ರ ಎಷ್ಟೋ ಕಡೆ ಮೇಜರ್ ಕಡೆಗೆ ವಾಲುತ್ತದೆ. ಎಫ್ ತಂತಿಯನ್ನು ಮೊದಲ ಮನೆಯಲ್ಲಿ (ಫ್ರೆಟ್) ಒತ್ತಿದರೆ ಮೇಜರ್ ಬರುತ್ತದೆ, ಬಿಟ್ಟರೆ ಮತ್ತೆ ಮೈನರ್. ಅಲ್ಲೇ ಒತ್ತುವುದು ಬಿಡುವುದು ಮಾಡುತ್ತಿದ್ದರೆ ಹಾಡು ನಗುತ್ತದೋ ಅಳುತ್ತದೋ ಗೊತ್ತಾಗುವುದಿಲ್ಲ. ‘ಡೆವಿಲ್ ಗಾಟ್ ಮೈ ವುಮನ್’ ಹಾಕಿ ನೋಡಿ. ಮೇಲೆ ಆ ತೆಳ್ಳನೆ ಕಳ್ಳದನಿ (ಫಾಲ್ಸೆಟ್ಟೋ).

ಅವರು 1964ರಲ್ಲಿ ಟುನಿಕಾ ಆಸ್ಪತ್ರೆಯಲ್ಲಿ ಸಿಕ್ಕಿದರು, ನ್ಯೂಪೋರ್ಟ್ ಸಂಗೀತ ಜಾತ್ರೆಯಲ್ಲಿ ಹಾಡಿದರು, ಕ್ರೀಮ್ ಎಂಬ ರಾಕ್ ತಂಡ ಅವರ ಹಾಡು ಎತ್ತಿಕೊಂಡಿತು, 1969ರಲ್ಲಿ ತೀರಿಕೊಂಡರು. ಇಷ್ಟು ಎಲ್ಲ ಕಡೆ ಸಿಗುತ್ತದೆ. ಆ ಎಫ್ ತಂತಿಯ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ ಅಂತ ನನ್ನ ಕೊರಗು.

ಮಿಲ್ವಾಕಿ ಮಾಣಿ

ಸಿಗದೇ ಇರುವ ತಟ್ಟೆ ಬಗ್ಗೆಯೂ ಹೇಳಿಬಿಡುತ್ತೇನೆ. ವಿಲಿ ಬ್ರೌನ್. 1930ರಲ್ಲಿ ಚಾರ್ಲಿ ಪ್ಯಾಟನ್, ಸನ್ ಹೌಸ್, ಲೂಯೀಸ್ ಜಾನ್ಸನ್ ಜೊತೆ ಇದೇ ಗ್ರಾಫ್ಟನ್‌ಗೆ ಬಂದಿದ್ದರು. ‘ಫ್ಯೂಚರ್ ಬ್ಲೂಸ್’ ತಟ್ಟೆ ಉಳಿದಿದೆ. ದಪ್ಪ ತಂತಿಯನ್ನು ಎಳೆದು ಫಟ್ ಅಂತ ಬಿಡುತ್ತಾರೆ, ಬಾಗಿಲು ಬಡಿದ ಹಾಗೆ. ಅವರ ಇನ್ನೊಂದು ತಟ್ಟೆ, ಪ್ಯಾರಮೌಂಟ್ 13099, ಇವತ್ತಿನವರೆಗೆ ಒಂದೂ ಪ್ರತಿ ಸಿಕ್ಕಿಲ್ಲ. ‘ಕಿಕಿಂಗ್ ಇನ್ ಮೈ ಸ್ಲೀಪ್ ಬ್ಲೂಸ್’ ಅಂತ ಹೆಸರು ಮಾತ್ರ ಉಂಟು.

ಸಿಗಲಿಕ್ಕೇ ಇಲ್ಲ ಅನ್ನಬೇಡಿ. ಕಿಂಗ್ ಸಾಲಮನ್ ಹಿಲ್ ಅವರ ಕಳೆದುಹೋದ ತಟ್ಟೆ 2002ರಲ್ಲಿ ಸಿಕ್ಕಿತು, ರೆಕಾರ್ಡ್ ಆಗಿ 70 ವರ್ಷದ ಮೇಲೆ. ಗೆಳೆಯ ಬ್ಲೈಂಡ್ ಲೆಮನ್ ತೀರಿಕೊಂಡ ದುಃಖಕ್ಕೆ ಕಟ್ಟಿದ ಹಾಡು ಅದರಲ್ಲಿತ್ತು. ಹಾಗಾಗಿ ಇಲ್ಲಿ ಯಾರ ಮನೆಯಲ್ಲಾದರೂ ಹಳೇ ಸಾಮಾನು ಮಾರುತ್ತಾರೆ ಅಂದರೆ ನಾನು ಹಾಜರು. ಇಲ್ಲಿಯವರೆಗೆ ಸಿಕ್ಕಿದ್ದು ಪೋಲ್ಕಾ ಕುಣಿತದ ತಟ್ಟೆ, ಪೋಲ್ಕಾ, ಮತ್ತೆ ಪೋಲ್ಕಾ.

ತುಂಗಾತೀರದವಳು

ಹರ್ಟ್ ಕೇಳಿದೆ. ಹೆಬ್ಬೆರಳು ಸಿಕ್ಕಿತು! ಒಮ್ಮೆ ಸಿಕ್ಕಿದ ಮೇಲೆ ಬಿಡುವುದೇ ಇಲ್ಲ. ಇವತ್ತು ಚಪಾತಿ ಲಟ್ಟಿಸುವಾಗಲೂ ಟುಮ್ ಟುಮ್.

ಒಂದು ಪ್ರಶ್ನೆ. ವೈಲಿ ಮತ್ತು ಥಾಮಸ್ ‘ನಿಗೂಢ’ ಅಂತ ಎಲ್ಲ ಕಡೆ ಬರೆದಿದ್ದಾರೆ. ಏನೂ ಗೊತ್ತೇ ಇಲ್ಲವೇ?

ಅಡ್ಡಮಾತು

ಈ ಪ್ರಶ್ನೆಗೇ ಕಾಯುತ್ತಿದ್ದೆ. ಆ ಪದ ಕಂಡರೆ ನನಗೆ ಆಗುವುದಿಲ್ಲ.

ಎಲ್ವಿ ಥಾಮಸ್ ನಿಗೂಢವಾಗಿ ಎಲ್ಲೂ ಮಾಯವಾಗಿರಲಿಲ್ಲ. ಹ್ಯೂಸ್ಟನ್‌ನವರು, ಹ್ಯೂಸ್ಟನ್‌ನಲ್ಲೇ ಇದ್ದರು, ತೀರಿಕೊಂಡಿದ್ದು 1979ರಲ್ಲಿ. ಹೆಸರು ಎಲ್ವಿಯೂ ಅಲ್ಲ. ಎಲ್. ವಿ. ಅನ್ನುವ ಎರಡು ಇನಿಷಿಯಲ್. ಕಂಪನಿಯವರ ಕಿವಿಗೆ ಬಿದ್ದಿದ್ದು ಎಲ್ವಿ, ತಟ್ಟೆ ಮೇಲೆ ಹತ್ತಿದ್ದೂ ಅದೇ. ಆಮೇಲೆ ಎಲ್ವಿಯನ್ನು ಹುಡುಕಿದರೆ ಎಲ್ಲಿ ಸಿಗುತ್ತಾರೆ?

1961ರಲ್ಲಿ ಮ್ಯಾಕ್ ಮೆಕಾರ್ಮಿಕ್ ಎಂಬ ಸಂಶೋಧಕರು ಅವರ ಮನೆಗೇ ಹೋಗಿ ಮಾತಾಡಿಸಿ ಬರೆದುಕೊಂಡಿದ್ದರು. ಅಷ್ಟರಲ್ಲಿ ಥಾಮಸ್ ಚರ್ಚ್ ಸೇರಿ ಬ್ಲೂಸ್ ಬಿಟ್ಟಿದ್ದರು. ಆ ಟಿಪ್ಪಣಿ ಐವತ್ತು ವರ್ಷ ಮೆಕಾರ್ಮಿಕ್ ಅವರ ಡಬ್ಬಗಳಲ್ಲೇ ಕೂತಿತ್ತು. 2014ರಲ್ಲಿ ಸಲಿವನ್ ಬರೆದ ಮೇಲೆ ಲೋಕಕ್ಕೆ ತಿಳಿಯಿತು. ಇನ್ನೊಬ್ಬರು ಗೇಲ್ ಡೀನ್ ವಾರ್ಡ್‌ಲೋ. 1960ರ ದಶಕದಲ್ಲಿ ಮಿಸಿಸಿಪಿಯಲ್ಲಿ ಜಿರಲೆ, ಹುಳಕ್ಕೆ ಔಷಧಿ ಹೊಡೆಯುವ ಕೆಲಸ. ಮನೆಮನೆ ಬಾಗಿಲು ತಟ್ಟುತ್ತಾ ಹಳೇ ತಟ್ಟೆ ಇದೆಯಾ ಅಂತಲೂ ಕೇಳುತ್ತಿದ್ದರು. ರಾಬರ್ಟ್ ಜಾನ್ಸನ್ ಮರಣ ಪತ್ರ 1968ರಲ್ಲಿ ಪತ್ತೆ ಮಾಡಿದ್ದೂ ಅವರೇ, ಸರ್ಕಾರಿ ಕಡತದಿಂದ. ದೆವ್ವ ಕಡತ ತೆಗೆಸಿಕೊಡಲಿಲ್ಲ.

ಇವರಿಗೆಲ್ಲ ಅಕ್ಕಪಕ್ಕದವರಿದ್ದರು, ನೆಂಟರಿದ್ದರು, ಚರ್ಚಿನವರಿದ್ದರು. ಅವರನ್ನು ಕೇಳಿದವರು ಇರಲಿಲ್ಲ ಅಷ್ಟೇ. ಕಪ್ಪು ಜನರ ಬಾಗಿಲಿಗೆ ಬಿಳಿಯರು ಸುಮ್ಮನೆ ಹೋಗಿ ಕೂರುವ ಕಾಲವೂ ಅದಲ್ಲ, ಅವರು ಬಾಯಿಬಿಟ್ಟು ಹೇಳುವ ಕಾಲವೂ ಅಲ್ಲ. ನಮಗೆ ಗೊತ್ತಿಲ್ಲ ಅನ್ನುವುದನ್ನು ಅವರ ಗುಣ ಅಂತ ಮಾಡಿಬಿಟ್ಟೆವು.

ಪಿನ್ನುಡಬ್ಬಿ

ನಾನೇ ಈ ಪದ ಬರೆದು, ಪೋಸ್ಟ್ ಮಾಡುವ ಮೊದಲು ಅಳಿಸಿದ್ದೆ. ಬಚಾವಾದೆ.

ತುಂಗಾತೀರದವಳು

ಧನ್ಯವಾದ. ಇದು ಓದಿದ ಮೇಲೆ ಆರೂ ಹಾಡು ಸಾಲಾಗಿ ಹಾಕಿದೆ. ಎಲ್ಲರೂ ‘ಲಾಸ್ಟ್ ಕೈಂಡ್ ವರ್ಡ್ಸ್’ ಬಗ್ಗೆಯೇ ಬರೆದಿದ್ದೀರಿ. ನನಗೆ ಹಿಡಿಸಿದ್ದು ‘ಪಿಕ್ ಪೂರ್ ರಾಬಿನ್ ಕ್ಲೀನ್’. ಹಾಡು ಶುರುವಾಗುವ ಮೊದಲು ಇಬ್ಬರೂ ಮಾತಾಡಿಕೊಳ್ಳುತ್ತಾರಲ್ಲ! ಏನಮ್ಮಾ ಗೀಶಿ, ಇಲ್ಲೇನು ಮಾಡ್ತಿದ್ದೀಯ ಅನ್ನುವ ಧಾಟಿಯಲ್ಲಿ ಒಬ್ಬರು ಕೇಳುತ್ತಾರೆ. ಈ ಹುಡುಗರಿಗೆ ನಾಲ್ಕು ಹಾಡು ನುಡಿಸೋಣ ಅಂತ ಬಂದೆ ಅನ್ನುವ ಹಾಗೆ ಇನ್ನೊಬ್ಬರು. ಗೀಶಿ ಅವರು ಥಾಮಸ್ ಅವರನ್ನು ಸ್ಲ್ಯಾಕ್ ಅಂತ ಏನೋ ಅಡ್ಡಹೆಸರಿನಿಂದ ಕರೆಯುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಗೆಳತಿಯರ ಹಾಗೆ.

ಅಲ್ಲಿ ಗರಗರ ನನಗೆ ಕೇಳಿಸಲೇ ಇಲ್ಲ.

ಪಿನ್ನುಡಬ್ಬಿ

ಮೇಡಂ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಎಷ್ಟೋ ವರ್ಷದಿಂದ ಆ ಹಾಡನ್ನು ಹದಿನೈದು ಸೆಕೆಂಡ್ ಮುಂದೆ ತಳ್ಳಿಯೇ ಕೇಳುತ್ತಿದ್ದೆ. ಗಿಟಾರ್ ಬರಲಿ ಅಂತ.

ಈಗ ಮೊದಲಿಂದ ಹಾಕಿದೆ. ಮಾತು ಮುಗಿಯುತ್ತಿದ್ದ ಹಾಗೆ ಎರಡು ಗಿಟಾರ್ ಒಟ್ಟಿಗೆ ಹೊರಡುತ್ತವೆ.

ಬಸವನಗುಡಿ ಬೆರಳು

ಅದೇ ಹಾಡನ್ನು 1927ರಲ್ಲಿ ವರ್ಜೀನಿಯಾದ ಲ್ಯೂಕ್ ಜೋರ್ಡನ್ ಒಬ್ಬರೇ ನುಡಿಸಿದ್ದಾರೆ, ವಿಕ್ಟರ್ ತಟ್ಟೆ, ಗರಗರ ಕಮ್ಮಿ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಜೋರ್ಡನ್ ಕೈ ಹಗುರ. ಇವರಿಬ್ಬರದು ಜೋರು. ನಾಳೆ ಕೂತು ಎರಡನೇ ಗಿಟಾರ್ ಬಿಡಿಸಿಕೊಳ್ಳಲು ನೋಡುತ್ತೇನೆ. ಸಿಕ್ಕರೆ ಇಲ್ಲೇ ಹಾಕುತ್ತೇನೆ.